ಎರಡು ಸಲ ಸತ್ತ ಆಂಬ್ರೋಸ್

ಆ ಶನಿವಾರದ ರಾದ್ಧಾಂತಕ್ಕೆಲ್ಲ ಕಾರಣ ಇಷ್ಟೇ: ಆಂಬ್ರೋಸ್ ಟಕ್‌ವೆಲ್ ಎರಡು ಸಲ ಸತ್ತಿದ್ದ. ಒಂದು ಸಲ ಸಿನಿಮಾದಲ್ಲಿ, ಇನ್ನೊಂದು ಸಲ ಟೀವಿಯಲ್ಲಿ. ಎರಡೂ ಸಲ ಒಂದೇ ನಾಟಕಕ್ಕಾಗಿ.

ಏವನ್ ನದಿ ದಂಡೆಯ ಆ ಊರಿನಲ್ಲಿ ಹಾಗೆ ಸಾಯುವುದೇನೂ ದೊಡ್ಡ ಸಂಗತಿಯಲ್ಲ. ನಾನೂರು ವರ್ಷದ ಹಿಂದೆ ಅಲ್ಲಿ ಹುಟ್ಟಿದ ನಾಟಕಕಾರನ ಹೆಸರನ್ನು ಊರಿನವರು, ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ, ಬಾಯಿಬಿಟ್ಟು ಹೇಳುವುದಿಲ್ಲ. 'ನಮ್ಮವನು' ಅನ್ನುತ್ತಾರೆ. ನಮ್ಮವನ ನಾಟಕವನ್ನು ಚಿತ್ರ ಮಾಡಲು ಯಾರಾದರೂ ಬಂದರೆ ಸಾಕು, ಊರಿಗೆ ಊರೇ ಸೈನಿಕರಾಗಿ, ಭಿಕ್ಷುಕರಾಗಿ, ಹೆಣಗಳಾಗಿ ದುಡಿಯುತ್ತದೆ. ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಹೋಗಿ ಬೀದಿಗೆ ಬಿದ್ದ ಮುದುಕ ರಾಜನ ನಾಟಕವನ್ನು ಮೊದಲು ಸಿನಿಮಾದವರು ಊರಾಚೆಯ ಕೆಸರು ಹೊಲದಲ್ಲಿ ತೆಗೆದರು. ಕೆಲವು ವರ್ಷದ ಮೇಲೆ ಟೀವಿಯವರು ಬಂದು ಅದನ್ನೇ ಹಳೆಯ ಉಗ್ರಾಣದಲ್ಲಿ ತೆಗೆದರು. ಅಂದಿನಿಂದ ಊರು ಎರಡು ಪಾಲಾಗಿತ್ತು. ಸಿನಿಮಾಕ್ಕೆ ದುಡಿದವರಿಗೆ ಸಿನಿಮಾವೇ ಮಹಾಕೃತಿ, ಟೀವಿಗೆ ದುಡಿದವರಿಗೆ ಟೀವಿಯೇ. ಎರಡನ್ನೂ ಎಲ್ಲರೂ ನೋಡಿದ್ದರು, ಆದರೆ ಒಬ್ಬೊಬ್ಬರೂ ನೋಡಿದ್ದು ತಮ್ಮ ತಮ್ಮ ಮುಖವನ್ನು ಮಾತ್ರ.

ಆಂಬ್ರೋಸ್ ಎರಡರಲ್ಲಿ ಒಂದನ್ನೂ ನೋಡಿರಲಿಲ್ಲ. ಹೆಣವಾಗಿ ಕಣ್ಣು ಮುಚ್ಚಿ ಬಿದ್ದಿದ್ದಾಗ, ಮುದುಕ ರಾಜ ಸತ್ತ ಮಗಳನ್ನು ಎತ್ತಿಕೊಂಡು ಬಂದು ಹಾಕಿದ ಕೂಗು ಎರಡು ಸಲವೂ ಅವನ ಕಿವಿಗೆ ಬಿದ್ದಿತ್ತು. ಅದನ್ನು ಮತ್ತೊಮ್ಮೆ ಕೇಳುವ ಗುಂಡಿಗೆ ತನಗಿಲ್ಲ ಎಂದು ಅವನು ಆ ದಿಕ್ಕಿಗೇ ಹೋಗಿರಲಿಲ್ಲ.

ಆ ದಿನ ಬೆಳಿಗ್ಗೆ ಬ್ರೆಡ್ ತರಲು ಹೋದಾಗ ಬೇಕರಿಯಾಕೆ ಅವನಿಗೆ ಕೈಮುಗಿಯುವುದೊಂದು ಬಾಕಿ. ಚರ್ಚಿನ ಸೂಚನಾ ಹಲಗೆಯ ಮೇಲೆ ಅವನ ಹೆಸರು ಬಂದಿದೆಯಂತೆ. ಊರಿನ ಸಿನಿಮಾ ಸಂಘ ನಡೆಸುವ ನಿವೃತ್ತ ಶಾಲಾ ಮೇಡಂ, ಮಿಸ್ ಪೆನ್ಹೇಲ್, ಸಂಜೆ ಚರ್ಚಿನ ಸಭಾಂಗಣದಲ್ಲಿ ಎರಡೂ ಚಿತ್ರಗಳ ಕೊನೆಯ ಭಾಗವನ್ನು ತೋರಿಸಿ ಯಾವುದು ಮೇಲು ಎಂದು ಊರಿನಿಂದ ಮತ ಹಾಕಿಸುತ್ತಾರಂತೆ. ಮತ ಸರಿಸಮ ಆಗುವುದು ಖಚಿತ. ಆಗ ಎರಡರಲ್ಲೂ ಇದ್ದ ಏಕೈಕ ಮನುಷ್ಯ ಆಂಬ್ರೋಸ್ ತೀರ್ಪು ಕೊಡಬೇಕಂತೆ.

ಅವನು ಬ್ರೆಡ್ ಹಿಡಿದು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಹೆಂಡತಿ ಹಿಲ್ಡಾ ಟೀ ಬಗ್ಗಿಸುತ್ತಾ ತಣ್ಣಗೆ ಹೇಳಿದಳು:

"ಟೀವಿ ರಾಜನ ನಿಲುವಂಗಿ ಹೊಲಿದೋಳು ನಾನು. ಒಂದಿಡೀ ಚಳಿಗಾಲ ಕಣ್ಣು ಹಾಳು ಮಾಡ್ಕೊಂಡು ಹೊಲಿದಿದ್ದೀನಿ. ಸಿನಿಮಾದೋರು ಅವನಿಗೆ ಗೋಣಿಚೀಲ ಸುತ್ತಿದ್ರು. ನೀನು ಗೋಣಿಚೀಲಕ್ಕೆ ಮತ ಹಾಕಿದ್ರೆ ನಾನು ಇವತ್ತೇ ಕವೆಂಟ್ರಿಗೆ, ನನ್ನ ತಂಗಿ ಮನೆಗೆ."

ಹಿಲ್ಡಾ ಸುಮ್ಮಸುಮ್ಮನೆ ಬೆದರಿಸುವ ಹೆಂಗಸಲ್ಲ. ಅವಳಿಲ್ಲದ ಮನೆಯನ್ನು ನೆನೆದೇ ಆಂಬ್ರೋಸ್ ಕಚ್ಚಿದ ಬ್ರೆಡ್ಡನ್ನು ತಟ್ಟೆಗೆ ಹಾಕಿದ. ಸರಿ ಸರಿ ಎಂದು ತಲೆಯಾಡಿಸಿ ಕೆಲಸಕ್ಕೆ ಓಡಿದ.

ಅವನ ಕೆಲಸ ಪೆರಟ್ ಸಾಹೇಬರ ಕುದುರೆ ಲಾಯದಲ್ಲಿ. ಸಿನಿಮಾದ ಯುದ್ಧಕ್ಕೆ ಕುದುರೆಗಳನ್ನು ಕೊಟ್ಟವರು ಅವರೇ. ತಮ್ಮ ಬೂದು ಬಣ್ಣದ ಹೆಣ್ಣು ಕುದುರೆ ಡಚೆಸ್ ಇಲ್ಲದಿದ್ದರೆ ಆ ಸಿನಿಮಾ ಆಗುತ್ತಲೇ ಇರಲಿಲ್ಲ ಎಂಬುದು ಅವರ ದೃಢ ನಂಬಿಕೆ. ಆಂಬ್ರೋಸ್ ಬಂದದ್ದೇ ತಡ, ಅವನ ಕೈಯನ್ನು ಹಿಡಿದು ಡಚೆಸ್‌ಳ ಕುತ್ತಿಗೆಯ ಮೇಲಿಟ್ಟರು.

"ಟಕ್‌ವೆಲ್, ಇವಳನ್ನ ಮುಟ್ಟಿ ಹೇಳು. ಕುದುರೇನೇ ಇಲ್ಲದ ಯುದ್ಧಾನ ಯುದ್ಧ ಅಂತಾರೇನಯ್ಯ? ಟೀವಿ ಗೆದ್ರೆ ಸೋಮವಾರದಿಂದ ನೀನು ಈ ಕಡೆ ತಲೆ ಹಾಕ್ಬೇಡ."

ಡಚೆಸ್ ಕೂಡ ಅವನನ್ನೇ ನೋಡುತ್ತಿದ್ದಳು. ಆಂಬ್ರೋಸ್ ಸಿನಿಮಾಕ್ಕೇ ಎಂದು ಆಣೆ ಮಾಡಿಬಿಟ್ಟ. ಹುಲ್ಲಿನ ಮೆದೆಯ ಆಚೆ ನಿಂತು ಹಿಲ್ಡಾಳ ಗೆಳತಿಯೊಬ್ಬಳು ಅದನ್ನು ಕೇಳಿಸಿಕೊಂಡಳು ಎಂಬುದು ಅವನಿಗೆ ತಿಳಿದದ್ದು ಆಮೇಲೆ.

ನ್ಯಾಯಾಧೀಶ ಗಡ್ಡ ಬಿಟ್ಟುಕೊಂಡು ಹೋದರೆ ಚೆನ್ನಾಗಿರುವುದಿಲ್ಲವೆಂದು ಸಂಜೆ ಕೆಲಸ ಮುಗಿಸಿ ಕ್ಷೌರಕ್ಕೆ ಕೂತ. ಕ್ಷೌರಿಕ ಗಟರಿಡ್ಜ್ ಟೀವಿ ರಾಜನಿಗೆ ಗಡ್ಡ ಅಂಟಿಸಿದವನು. ಕತ್ತಿಯನ್ನು ಆಂಬ್ರೋಸ್‌ನ ಗಂಟಲ ಮೇಲೆ ನಿಲ್ಲಿಸಿ, "ಟೀವೀನೇ ತಾನೆ?" ಎಂದು ಮೆಲ್ಲಗೆ ಕೇಳಿದ. ಆ ಸ್ಥಿತಿಯಲ್ಲಿ ಯಾರಾದರೂ ಮಾಡುವುದನ್ನೇ ಆಂಬ್ರೋಸ್ ಮಾಡಿದ, ಎಚ್ಚರಿಕೆಯಿಂದ ಹೂಂ ಅಂದ. ಕಣ್ಣು ತಿರುಗಿಸಿದರೆ ಬಾಗಿಲಲ್ಲಿ ಪೆರಟ್ ಸಾಹೇಬರು, ತಮ್ಮ ಸರದಿಗಾಗಿ ಬಂದು ನಿಂತವರು.

ಇನ್ನು ಊರಿನಲ್ಲಿ ಉಳಿಗಾಲವಿಲ್ಲ ಎನಿಸಿತು. ಅರ್ಧ ಮುಖದ ನೊರೆಯನ್ನು ಅಂಗಿಯ ತೋಳಿಗೆ ಒರೆಸಿಕೊಂಡು ಹೊರಗೋಡಿ, ಎದುರಿಗೆ ಬಂದ ಬಸ್ಸು ಹತ್ತಿದ. ಎಲ್ಲಿಗಾದರೂ ಹೋಗಲಿ, ರಾತ್ರಿಯ ಹೊತ್ತಿಗೆ ಊರು ತಣ್ಣಗಾದ ಮೇಲೆ ಬಂದರಾಯಿತು ಎಂಬುದು ಅವನ ಲೆಕ್ಕಾಚಾರ. ಡ್ರೈವರ್ ಸಿನಿಮಾದಲ್ಲಿ ಭರ್ಜಿ ಹಿಡಿದು ನಿಂತಿದ್ದ ಮನುಷ್ಯ. ಬಸ್ಸನ್ನು ತಿರುಗಿಸಿ ನೇರವಾಗಿ ಚರ್ಚಿನ ಬಾಗಿಲಿಗೆ ತಂದು ನಿಲ್ಲಿಸಿದ. ಒಳಗಿದ್ದ ಪ್ರಯಾಣಿಕರು ಗೊಣಗಲಿಲ್ಲ. ಅವರೂ ಅಲ್ಲಿಗೇ ಹೊರಟವರು.

ಸಭಾಂಗಣ ಕಿಕ್ಕಿರಿದಿತ್ತು. ಮಿಸ್ ಪೆನ್ಹೇಲ್ ಎದ್ದು, ಇವತ್ತು ಯಾರೂ ತಮ್ಮನ್ನು ಹುಡುಕಿಕೊಳ್ಳಬಾರದು, ಎಲ್ಲರೂ ನಮ್ಮ ನ್ಯಾಯಾಧೀಶರನ್ನು ನೋಡಬೇಕು ಎಂದು ಅಪ್ಪಣೆ ಮಾಡಿದರು. ಸಿನಿಮಾದಲ್ಲಿ ಅವನು ಮುರಿದ ಗಾಡಿಯ ಚಕ್ರದ ಕೆಳಗೆ, ಟೀವಿಯಲ್ಲಿ ರಾಜನ ಪಕ್ಕದಲ್ಲೇ. ದೀಪ ಆರಿತು.

ಮೊದಲು ಸಿನಿಮಾ. ಗೋಡೆಯ ತುಂಬ ಆಕಾಶ, ಸುರಿಯುವ ಮಳೆ, ಕೆಸರು. ಆ ಕೆಸರಿನ ತುದಿಯಿಂದ ಇರುವೆಯಷ್ಟು ಸಣ್ಣದಾಗಿ ಮುದುಕ ಬಂದ, ತೋಳಿನಲ್ಲಿ ಮಗಳು. ಬಂದ, ಬಂದ, ಬರುತ್ತಲೇ ಇದ್ದ. ಆಮೇಲೆ ಕೂಗಿದ. ಆಂಬ್ರೋಸ್ ಕಣ್ಣು ಮುಚ್ಚಿ ಕೇಳಿದ್ದ ಕೂಗಿಗೆ ಈಗ ಮುಖ ಬಂದಿತ್ತು. ಪಕ್ಕದಲ್ಲಿ ಪೆರಟ್ ಸಾಹೇಬರು ಡಚೆಸ್‌ಳನ್ನು ತೋರಿಸಲು ಬೆರಳೆತ್ತಿದವರು ಬೆರಳನ್ನು ಹಾಗೇ ಮರೆತರು.

ಆಮೇಲೆ ಟೀವಿ. ಆಕಾಶವಿಲ್ಲ, ಮಳೆಯಿಲ್ಲ, ಕುದುರೆಯಿಲ್ಲ. ಬರೀ ಒಂದು ಮುಖ. ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಹುಡುಕುತ್ತಿರುವ ಅಪ್ಪನ ಮುಖ. ಇಲ್ಲಿ ಅವನು ಕೂಗಿದ್ದು ಮೆಲ್ಲಗೆ, ಮಗುವಿಗೆ ಎಚ್ಚರವಾಗಬಾರದು ಎಂಬಂತೆ. ಅಲ್ಲಿ ಲೋಕದ ಮುಂದೆ ಮುದುಕ ಎಷ್ಟು ಚಿಕ್ಕವನು ಅನ್ನಿಸಿದ್ದರೆ, ಇಲ್ಲಿ ಅವನ ದುಃಖದ ಮುಂದೆ ಲೋಕವೇ ಚಿಕ್ಕದು ಅನ್ನಿಸಿತು. ಹಿಲ್ಡಾ ನಿಲುವಂಗಿಯನ್ನು ನೋಡಲೇ ಇಲ್ಲ. ಕರ್ಚೀಫು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಇದೆಲ್ಲವನ್ನೂ ನಮ್ಮೂರಿನ ಒಬ್ಬ ಮನುಷ್ಯ, ಇದೇ ನದಿಯ ನೀರು ಕುಡಿದವನು, ಕೂತು ಬರೆದನಲ್ಲ ಎಂದು ಆಂಬ್ರೋಸ್ ಬೆರಗಾದ. ಬೆಳಗಿನ ಬೆದರಿಕೆಗಳು ಒಂದೂ ಅವನ ತಲೆಯಲ್ಲಿರಲಿಲ್ಲ.

ಆಗ ಕತ್ತಲಲ್ಲಿ ಗಟರಿಡ್ಜ್‌ನ ದನಿ ಕೇಳಿತು.

"ಹೆಣ ಅಳ್ತಾ ಇದೆ."

ಎಲ್ಲರೂ ಗೋಡೆಯನ್ನು ನೋಡಿದರು. ರಾಜನ ಪಕ್ಕದಲ್ಲಿ ಮಲಗಿದ್ದ ಆಂಬ್ರೋಸ್‌ನ ಮುಚ್ಚಿದ ಕಣ್ಣಿನಿಂದ ದಪ್ಪನೆಯ ಹನಿಯೊಂದು ಇಳಿದು, ಕೆನ್ನೆ ದಾಟಿ, ನಿಧಾನವಾಗಿ ಕಿವಿಯೊಳಗೆ ಹೋಯಿತು.

ಮಿಸ್ ಪೆನ್ಹೇಲ್ ಅರ್ಧಕ್ಕೆ ಬಿಡುವವರಲ್ಲ. ಸಿನಿಮಾದ ರೀಲನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸಿದರು. ಅಲ್ಲಿ ಮಳೆ ಅವನ ಮಾನ ಕಾಪಾಡಿತ್ತು ನಿಜ. ಆದರೆ ಚಕ್ರದ ಕೆಳಗಿನ ಹೆಣದ ತುಟಿ ಅದುರುತ್ತಿದ್ದದ್ದು ಈಗ ಊರಿಗೆಲ್ಲ ಕಂಡಿತು.

ದೀಪ ಹತ್ತಿತು. ಎಷ್ಟೋ ವರ್ಷದ ಮೇಲೆ ಊರು ಒಂದಾಗಿತ್ತು. ಎರಡೂ ಮಹಾಕೃತಿಗಳೇ, ಎರಡನ್ನೂ ಹಾಳು ಮಾಡಿದವನು ಒಬ್ಬನೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆಂಬ್ರೋಸ್ ಸುತ್ತ ನೋಡಿದ. ಒಂದೇ ಒಂದು ಕಣ್ಣು ಒಣಗಿರಲಿಲ್ಲ.

"ನೀವೆಲ್ಲಾರೂ ಅತ್ತಿದ್ದೀರಲ್ಲ," ಎಂದ.

ಪೆರಟ್ ಸಾಹೇಬರು ಮೂಗು ಸೀಟಿ ಕರ್ಚೀಫು ಮಡಚಿದರು. "ನಾವು ಬದುಕಿದ್ದೀವಿ ಕಣಯ್ಯ, ಅಳಬಹುದು. ನೀನು ಸತ್ತಿದ್ದೆ."

ಸೋಮವಾರ ಬರಬೇಡ ಎಂದೂ ಸೇರಿಸಿದರು. ಹಿಲ್ಡಾ ತನ್ನ ನಿಲುವಂಗಿಯ ಮಗ್ಗುಲಲ್ಲೇ ಇಂಥ ಕೆಲಸ ನಡೆದದ್ದಕ್ಕೆ ಕೆಂಡವಾಗಿ, ಕವೆಂಟ್ರಿಯ ರೈಲು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು. ಇಷ್ಟು ವರ್ಷ ಅವಳ ಮುಖ ನೋಡದ ಪೆರಟ್ ಸಾಹೇಬರು, ನಮ್ಮ ಗಾಡಿಯಲ್ಲೇ ಸ್ಟೇಷನ್ನಿಗೆ ಬಿಡುತ್ತೇನೆ ಬಾರಮ್ಮ ಎಂದು ಕೈಕೊಟ್ಟು ಹತ್ತಿಸಿಕೊಂಡರು. ಡಚೆಸ್ ಗಾಡಿ ಎಳೆದುಕೊಂಡು ಹೋದಳು. ಇಬ್ಬರೂ ಆಂಬ್ರೋಸ್‌ನನ್ನು ಬೈಯುವುದು ಬೀದಿ ತಿರುಗುವವರೆಗೂ ಕೇಳುತ್ತಿತ್ತು.

ಖಾಲಿಯಾದ ಸಭಾಂಗಣದಲ್ಲಿ ಆಂಬ್ರೋಸ್ ಇನ್ನೂ ಬರಿಗೋಡೆಯನ್ನೇ ನೋಡುತ್ತಾ ಕೂತಿದ್ದ. ಮಿಸ್ ಪೆನ್ಹೇಲ್ ಕುರ್ಚಿ ಜೋಡಿಸುತ್ತಾ ಹತ್ತಿರ ಬಂದರು.

"ಮೇಡಂ, ಇನ್ನೊಂದ್ಸಲ ಹಾಕ್ತೀರಾ?" ಎಂದು ಕೇಳಿದ.

"ಯಾವುದನ್ನ?" ಎಂದರು ಅವರು.

ಬೆಳಗಿನಿಂದ ಊರೆಲ್ಲ ಕೇಳಿದ್ದು ಅದನ್ನೇ. ಅವನಿಗೆ ಇನ್ನೂ ಗೊತ್ತಿರಲಿಲ್ಲ.