ಸಂಪು, ಟ್ಯಾಂಕು, ಒಂದೇ ಒಂದು ಸ್ಲೇಟು

ನಿವೃತ್ತನಾದ ಮೇಲೆ ನಗೆಪಾಟಲಾಗುವ ಅವಕಾಶಗಳು ಕಡಿಮೆಯಾಗುತ್ತವೆ ಅಂದುಕೊಂಡಿದ್ದೆ. ಎಲ್ಲಿ ಬಂತು! ಈಗ ಅದಕ್ಕೆ ಪೂರ್ತಿ ದಿನ ಸಿಗುತ್ತದೆ, ಅಷ್ಟೇ.

ಅಟ್ಟೂರಿನ ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ಸಂಪಿನಲ್ಲಿ ನೀರೆಷ್ಟು, ಮೇಲಿನ ಟ್ಯಾಂಕಿನಲ್ಲೆಷ್ಟು ಎಂದು ಕೂತಲ್ಲಿಂದಲೇ ನೋಡಲು ನಾನು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. ಅದಕ್ಕೆಂದೇ ಪಂಪ್ ರೂಮಿನಲ್ಲಿ ನನ್ನದೊಂದು ಹಳೇ ಕಂಪ್ಯೂಟರ್. ಅಸೋಸಿಯೇಷನ್ ಸೆಕ್ರೆಟರಿಗೆ ಅದನ್ನು ಕಂಡರಾಗದು. "ಭಾನುವಾರ ಮೀಟಿಂಗಲ್ಲಿ ಎಲ್ರ ಮುಂದೆ ಸರಿಯಾಗಿ ತೋರಿಸ್ಬೇಕು ಸಾರ್. ಇಲ್ಲಾಂದ್ರೆ ಆ ಡಬ್ಬ ಗುಜರಿಗೆ" ಎಂದುಬಿಟ್ಟರು. ನಿವೃತ್ತನಾದ ಮೇಲೆ ನನಗೆ ಗಡುವು ಕೊಟ್ಟವರು ಇವರೊಬ್ಬರೇ. ಖುಷಿಯೇ ಆಯಿತು ಅನ್ನಿ.

1. ಇಲ್ಲದವರ ಮನೆಗೆ ನುಗ್ಗಿದ್ದು

ಕಂಪ್ಯೂಟರಿನಲ್ಲಿ ಒಂದೊಂದು ಸೇವೆಗೂ ಒಂದೊಂದು ಪೋರ್ಟ್ ನಂಬರು. ಯಾವ ಹೆಸರಿಗೆ ಯಾವ ನಂಬರು ಎಂಬ ಪಟ್ಟಿ ‘ಸರ್ವೀಸಸ್’ ಎಂಬ ಫೈಲಿನಲ್ಲಿರುತ್ತದೆ. ಥೇಟ್ ನಮ್ಮ ಗೇಟಿನ ರಿಜಿಸ್ಟರ್. ಹೆಸರು ಹೇಳಿದರೆ ವಾಚ್‌ಮನ್ ಮನೆ ನಂಬರು ಹೇಳುವ ಹಾಗೆ, ಇಲ್ಲಿ ಹುಡುಕಿಕೊಡುವವನು ಗೆಟ್‌ಸರ್ವ್‌ಬೈನೇಮ್ ಎಂಬ ಸಿ ಭಾಷೆಯ ಸಿದ್ಧ ಆಜ್ಞೆ.

ಸಂಪಿಗೊಂದು, ಟ್ಯಾಂಕಿಗೊಂದು ನಂಬರು ಪಟ್ಟಿಗೆ ಸೇರಿಸಿ, ಪಂಪ್ ರೂಮಿನಲ್ಲಿ ಓಡಿಸಿದೆ. ಪ್ರೋಗ್ರಾಂ ದಢಾರೆಂದು ಬಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ನೋಡಿದರೆ, ಹೆಸರು ಬರೆದದ್ದು ಮನೆಯ ಕಂಪ್ಯೂಟರಿನಲ್ಲಿ! ಪಂಪ್ ರೂಮಿನದು "ಆ ಹೆಸರಿನವರು ಯಾರೂ ಇಲ್ಲ" ಎಂದು ಬರಿಗೈ ತೋರಿಸಿತ್ತು. ನನ್ನ ಪ್ರೋಗ್ರಾಂ ಅದನ್ನು ಲೆಕ್ಕಿಸದೆ ಒಳಗೆ ನುಗ್ಗಿ ಮುಗ್ಗರಿಸಿತ್ತು.

ಹೆಂಡತಿಗೆ ಇದೊಂದು ಆಶ್ಚರ್ಯವೇ ಅಲ್ಲ. "ನನ್ನ ತಮ್ಮನ ಮದುವೇಲಿ ಪಕ್ಕದ ಛತ್ರಕ್ಕೆ ಹೋಗಿ ಊಟ ಮುಗಿಸ್ಕೊಂಡು ಬಂದವರಲ್ವಾ ನೀವು?"

2. ಹಿಂದುಮುಂದು

ಪಂಪ್ ರೂಮಿನ ಪಟ್ಟಿಗೂ ಹೆಸರು ಸೇರಿಸಿದೆ, ನಂಬರು ಸಿಕ್ಕಿತು. ಆದರೆ ಸಂಪಿಗೆ ನಾನು ಕೊಟ್ಟಿದ್ದು 8090, ತೆರೆಯ ಮೇಲೆ ಬಂದದ್ದು 39455! ಕಳೆದೆ, ಭಾಗಿಸಿದೆ, ಕನ್ನಡಕ ಒರೆಸಿದೆ. ಆಮೇಲೆ ಗುಟ್ಟು ತಿಳಿಯಿತು. ನಂಬರು ಒಳಗೆ ಎರಡು ತುಂಡಾಗಿರುತ್ತದೆ. ನೆಟ್‌ವರ್ಕ್ ದೊಡ್ಡ ತುಂಡನ್ನು ಮುಂದಿಟ್ಟು ಬರೆಯುತ್ತದೆ, ನನ್ನ ಯಂತ್ರ ಚಿಕ್ಕದನ್ನು ಮುಂದಿಟ್ಟುಕೊಂಡು ಓದುತ್ತದೆ. ತಿರುಗಿಸಿದೆ. 8090! ಕುರ್ಚಿಯಿಂದೆದ್ದು ಕುಣಿದೆ.

ಲಿಫ್ಟಿನಲ್ಲಿ ಸಿಕ್ಕ ಸೆಕ್ರೆಟರಿಗೆ, "ನಂಬರು ಮೊದಲಿಂದ ಸರಿಯಾಗೇ ಇತ್ತು ಕಣ್ರೀ, ಓದಿದ್ದೇ ಉಲ್ಟಾ" ಎಂದೆ.

"ಹಾಗಾದ್ರೆ ಭಾನುವಾರ ಎಲ್ರೂ ಶೀರ್ಷಾಸನ ಹಾಕ್ಕೊಂಡು ನೋಡ್ಬೇಕಾ ಸಾರ್?"

3. ಒಂದೇ ಸ್ಲೇಟು

ಶನಿವಾರ ಸಂಜೆ ಹೊಸ ಪೀಡೆ. ಸಂಪು, ಟ್ಯಾಂಕು ಎರಡೂ ಒಂದೇ ಮಟ್ಟ ತೋರಿಸುತ್ತಿದ್ದವು. ಮೊದಲು ಸಂಪಿನ ನಂಬರು ಕೇಳಿದ್ದೆ, ಆಮೇಲೆ ಟ್ಯಾಂಕಿನದು. ನೋಡಿದರೆ ಪ್ರೋಗ್ರಾಂ ಎರಡೂ ಸಲ ಟ್ಯಾಂಕಿಗೇ ಹೋಗುತ್ತಿತ್ತು. ಬೇಸತ್ತು ಗೇಟಿನ ಬಳಿ ಹೋಗಿ ಕೂತೆ.

ನಮ್ಮ ವಾಚ್‌ಮನ್ ಇಲ್ಲೇ ಪಕ್ಕದ ಸಿಂಗಾಪುರ ಎಂಬ ಹಳ್ಳಿಯವನು. ಬಂದವರಿಗೆ ಮನೆ ನಂಬರನ್ನು ಸ್ಲೇಟಿನಲ್ಲಿ ಬರೆದು ತೋರಿಸುವುದು ಅವನ ಪದ್ಧತಿ. ಒಬ್ಬರು ಬಂದರು, ಬರೆದ. ಅವರು ಫೋನಿನಲ್ಲಿ ಮುಳುಗಿದರು. ಅಷ್ಟರಲ್ಲಿ ಇನ್ನೊಬ್ಬರು ಬಂದರು. ಇವನು ಒರೆಸಿ ಅವರ ನಂಬರು ಬರೆದ. ಮೊದಲಿನವರು ಫೋನಿಟ್ಟು, ಸ್ಲೇಟು ನೋಡಿ, ನೆಟ್ಟಗೆ ಇನ್ನೊಬ್ಬರ ಮನೆಗೇ ಹೊರಟರು!

"ಅಯ್ಯೋ, ತಪ್ಪು ಮನೆಗೆ ಹೋದ್ರಲ್ಲೋ!"

"ನಾನೇನ್ ಮಾಡ್ಲಿ ಸಾ? ಇರಾದು ಒಂದೇ ಸಿಲೇಟು. ನಾ ಒರ್ಸಾಕ್ ಮುಂಚೆ ಅವ್ರೇ ಬರ್ಕಂಡ್ ಓಗ್ಬೇಕು."

ಮೈ ಜುಮ್ಮೆಂದಿತು. ಗೆಟ್‌ಸರ್ವ್‌ಬೈನೇಮ್ ಬಳಿಯೂ ಇರುವುದು ಒಂದೇ ಸ್ಲೇಟು! ಎರಡನೆಯದನ್ನು ಕೇಳುವ ಮುನ್ನ ಮೊದಲ ನಂಬರನ್ನು ಬರೆದಿಟ್ಟುಕೊಳ್ಳಬೇಕು. ಓಡಿದೆ. ಒಂದೇ ಸಾಲು ಸೇರಿಸಿದೆ.

ಭಾನುವಾರ ಬ್ಲಾಕಿನ ನೆರಳಿನಲ್ಲಿ ಮೀಟಿಂಗು. ತೆರೆ ಬೆಳಗಿತು: ಸಂಪು ಇಳಿಯುತ್ತಿದೆ, ಟ್ಯಾಂಕು ಭರ್ತಿ.

ಸೆಕ್ರೆಟರಿ ಎದ್ದು ನಿಂತು ನಕ್ಕರು. "ನೋಡಿದ್ರಾ, ಸುಳ್ಳು! ಪಂಪ್ ಆಫ್ ಮಾಡಿ ಅರ್ಧ ಗಂಟೆ ಆಯ್ತು. ನಾನೇ ಕೈಯಾರೆ ಮಾಡಿ ಬಂದಿದೀನಿ. ಸಂಪು ಹೇಗ್ ಇಳಿಯತ್ತೆ?"

ಮಾತು ಮುಗಿಯುವಷ್ಟರಲ್ಲಿ ಮೇಲಿನ ಓವರ್‌ಫ್ಲೋ ಪೈಪು ಬುಸುಗುಟ್ಟಿ, ಅವರ ತಲೆಗೂ ನಡಾವಳಿ ಪುಸ್ತಕಕ್ಕೂ ಒಟ್ಟಿಗೆ ಅಭಿಷೇಕವಾಯಿತು. ಪಂಪ್ ರೂಮಿನಿಂದ ವಾಚ್‌ಮನ್ ಕೂಗಿದ: "ಸಾ, ಮಿಸನ್ನು ಸರ್ಯಾಗೇ ಏಳ್ತೈತೆ! ನೀವ್ ಆಪ್ ಮಾಡಿರಾದು ರೂಮಿನ್ ಲೈಟು!"

"ಕಂಪ್ಯೂಟರ್ ಇಲ್ಲೇ ಇರಲಿ ಅನ್ನೋರು ಕೈಯೆತ್ತಿ" ಎಂದರು ಅಧ್ಯಕ್ಷರು. ಎಲ್ಲರೂ ಎತ್ತಿದರು. ಸೆಕ್ರೆಟರಿಯವರ ಎರಡೂ ಕೈ ಮೇಲಿದ್ದವು, ತಲೆ ಒರೆಸಿಕೊಳ್ಳುತ್ತಿದ್ದರು. ಸರ್ವಾನುಮತ!