ಮೆಟ್ಟಿಲ ಕೆಳಗಿನ ನಿವಾಸಿ

ಒಂಟಾರಿಯೋ ಪ್ರಾಂತ್ಯದ ಫೆನ್‌ಬ್ರೂಕ್ ಪುರಸಭೆಯ ಎಲ್ಲೆಯೊಳಗೆ ಮನೆ ಪ್ರವೇಶಿಸಲು ಬಾಗಿಲನ್ನೇ ಬಳಸತಕ್ಕದ್ದೆಂಬ ನಿರ್ಬಂಧವಿಲ್ಲ. ಕಿಟಕಿಯೂ ಅಷ್ಟೇ ಮಾನ್ಯ.

ಈ ಸುಧಾರಣೆಗೆ ಕಾರಣವಾದದ್ದು ನನ್ನ ಪಕ್ಕದ ಮನೆಯ ವರ್ನಾ ಹಾಲ್‌ಬರ್ಗ್‌ಳ ಮಂಡಿ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ಸವೆಸಿದ ಮಂಡಿಯನ್ನು ಮೇ ತಿಂಗಳಲ್ಲಿ ಬದಲಾಯಿಸಿಕೊಂಡು ಬಂದಳು. ಆಕೆ ಆಸ್ಪತ್ರೆಯಲ್ಲಿದ್ದಾಗ ಮುಂಬಾಗಿಲ ಮೆಟ್ಟಿಲ ಕೆಳಗೆ ಒಂದು ಸ್ಕಂಕ್ ಬಂದು ಸೇರಿಕೊಂಡಿತ್ತು. ಬೆಕ್ಕಿನಷ್ಟು ಗಾತ್ರ, ಬೆನ್ನ ಮೇಲೆ ಎರಡು ಬಿಳಿ ಪಟ್ಟೆ. ಬಾಲ ಎತ್ತಿ ನಾತ ಸಿಡಿಸಿತೆಂದರೆ ಮೂರು ಬೀದಿಯ ಊಟ ಹಾಳು. ಹಿಂಬಾಗಿಲನ್ನು ಅಡುಗೆಮನೆ ದೊಡ್ಡದು ಮಾಡುವಾಗಲೇ ಮುಚ್ಚಿಸಿದ್ದರಿಂದ ಆಕೆಗಿದ್ದದ್ದು ಅದೊಂದೇ ದಾರಿ. ಗುರುವಾರ ಮಧ್ಯಾಹ್ನ ಮೂವರು ಗೆಳತಿಯರು ಇಸ್ಪೀಟಿಗೆ ಬರುವುದೂ ಅದೇ ದಾರಿಯಲ್ಲಿ. ಈ ಆಟ ಒಮ್ಮೆಯೂ ತಪ್ಪಿದ್ದಿಲ್ಲ.

ದೂರು ಹೋದ ಮರುದಿನವೇ ಪುರಸಭೆಯ ಉಪವಿಧಿ ಅಧಿಕಾರಿ ಕ್ಲೈವ್ ಟೊಡೆಸ್ಕೊ ಸ್ಥಳ ಪರಿಶೀಲನೆಗೆ ಬಂದ.

"ಏನೋ ಕ್ಲೈವ್, ಒಂದನೇ ಕ್ಲಾಸಲ್ಲಿ ಬಸ್ಸು ತುಂಬಾ ವಾಂತಿ ಮಾಡ್ಕೊಂಡೋನು ಈಗ ಸಾಹೇಬನೇನೋ?" ಎಂದಳು ವರ್ನಾ.

"ಅದು ಎರಡನೇ ಕ್ಲಾಸು, ಮಿಸ್," ಎಂದು ತಿದ್ದಿ, ಕ್ಲೈವ್ ಟಾರ್ಚು ಹಿಡಿದು ಬಗ್ಗಿದ. ಒಳಗಿದ್ದದ್ದು ಎರಡು ಸಲ ಮುಂಗಾಲು ನೆಲಕ್ಕೆ ಬಡಿಯಿತು.

"ಅಯ್ಯೋ, ಸಾರಿ ಕಣ್ರೀ," ಎಂದ ಕ್ಲೈವ್.

ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮೂರಲ್ಲಿ ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡವರೇ ಮೊದಲು ಸಾರಿ ಕೇಳುತ್ತಾರೆ. ದೀಪದ ಕಂಬಕ್ಕೆ ಹಣೆ ತಾಗಿದರೆ ಕಂಬಕ್ಕೂ ಒಂದು ಸಾರಿ ಸಲ್ಲುತ್ತದೆ. ಆದರೆ ಕ್ಲೈವ್ ಪ್ರಾಮಾಣಿಕ ಅಧಿಕಾರಿ. ವರದಿಯಲ್ಲಿ ಹೀಗೆ ನಮೂದಿಸಿದ: "ಸ್ಥಳದಲ್ಲಿದ್ದವರಿಗೆ ಉಂಟಾದ ತೊಂದರೆಗಾಗಿ ಕ್ಷಮೆ ಕೋರಲಾಯಿತು."

ಪುರಸಭೆಯ ಸಮಿತಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು. ಕ್ಷಮೆ ಕೋರಿದ್ದಾರೆಂದ ಮೇಲೆ ತೊಂದರೆ ಆಗಿದೆ. ತೊಂದರೆ ಆಗಿದೆಯೆಂದ ಮೇಲೆ ತೊಂದರೆಗೊಳಗಾದ ನಿವಾಸಿಯೊಬ್ಬರಿದ್ದಾರೆ. ನಿವಾಸಿಗೆ ರಕ್ಷಣೆ ಪುರಸಭೆಯ ಕರ್ತವ್ಯ. ಶುಕ್ರವಾರ ವರ್ನಾಳ ಮೆಟ್ಟಿಲಿಗೆ ಹಳದಿ ಪಟ್ಟಿ ಬಿಗಿದು ಪ್ರಕಟಣೆ ಅಂಟಿಸಲಾಯಿತು:

"ಕೆಳಗಿನ ನಿವಾಸಿಯು ಸ್ವಇಚ್ಛೆಯಿಂದ ತೆರಳುವವರೆಗೆ ಮೇಲಿನ ನಿವಾಸಿಯು ಅಡುಗೆಮನೆಯ ಕಿಟಕಿಯನ್ನು ಬಳಸತಕ್ಕದ್ದು. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ವಿಷಾದದ ಜೊತೆ ಹಾಲಿನ ಕ್ರೇಟೊಂದನ್ನೂ ಕೊಟ್ಟರು, ಹತ್ತಲಿಕ್ಕೆ.

"ಹೊಸ ಮಂಡಿ ಕಣೋ ಇದು!" ಎಂದಳು ವರ್ನಾ.

"ಹೌದು ಮಿಸ್. ಅದಕ್ಕೇ ಗಟ್ಟಿ ಕ್ರೇಟು ಆರಿಸ್ಕೊಂಡು ಬಂದೆ."

ಗುರುವಾರ ಗೆಳತಿಯರು ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡರು. ವರ್ನಾ ಒಳಗಿನಿಂದ ಎಲೆ ಹಂಚಿದಳು. ಎಂಬತ್ತು ದಾಟಿದ ಯೂನಿಸ್, "ಬ್ಯಾಂಕ್ ಕೌಂಟರಿಗೆ ಬಂದಂಗಾಯ್ತಲ್ಲೇ, ಟೋಕನ್ ತಗೋಬೇಕಾ?" ಎಂದಳು. ವರ್ನಾ ನಗಲಿಲ್ಲ. ಆ ದಿನ ಎಲ್ಲ ಆಟವನ್ನೂ ಸೋತಳು.

ಒಬ್ಬಳಿಗೇ ಹೀಗಾದರೆ ತಾರತಮ್ಯವಾದೀತೆಂದು ಜೂನ್ ತಿಂಗಳಲ್ಲಿ ಉಪವಿಧಿಯನ್ನು ಊರಿಗೆಲ್ಲ ವಿಸ್ತರಿಸಲಾಯಿತು. ಗ್ರಂಥಾಲಯ ಪಕ್ಕದ ಕಿಟಕಿ ತೆರೆಯಿತು. ಚರ್ಚಿನಲ್ಲಿ ಮದುಮಗಳೊಬ್ಬಳನ್ನು ಕಿಟಕಿಯಿಂದಲೇ ಇಳಿಸಿಕೊಂಡರು. ಫೋಟೋಗಳು ಚೆನ್ನಾಗಿ ಬಂದವು.

ಜುಲೈಯಲ್ಲಿ ಸ್ಕಂಕ್ ತಾನಾಗಿಯೇ ಹೊರಟುಹೋಯಿತು. ವರ್ನಾ ಕೋಲೂರಿಕೊಂಡು ಪುರಸಭೆಗೆ ಹೋದಳು. ಕಿಟಕಿಯಿಂದ ಒಳಗೆ ಹತ್ತಿಸಿಕೊಂಡದ್ದು ಕ್ಲೈವೇ.

"ಹೋಯ್ತು ಕಣೋ ಅದು. ಪಟ್ಟಿ ಬಿಚ್ಚು."

ಕ್ಲೈವ್ ನಮೂನೆ ಒಂಬತ್ತನ್ನು ತೆಗೆದ. "ಹೋಗಿದೀನಿ ಅಂತ ಅವರೇ ಖುದ್ದು ಬಂದು ದೃಢೀಕರಿಸ್ಬೇಕು, ಮಿಸ್."

"ಹೋಗಿರೋದು ಬಂದು ಹೇಳೋದು ಹೆಂಗೋ?"

"ನಂಗೂ ಅನ್ನಿಸ್ತು ಮಿಸ್. ಸಾರಿ."

ವರ್ನಾ ಮೂವತ್ತು ವರ್ಷ ಮಂಜಿನಲ್ಲಿ ಬಸ್ಸು ಓಡಿಸಿದವಳು, ಅಷ್ಟಕ್ಕೆ ಸೋಲುವವಳಲ್ಲ. ಬೆಕ್ಕಿನ ಆಹಾರದ ಡಬ್ಬಿಗಳನ್ನು ತಂದು ಮೆಟ್ಟಿಲ ಬಳಿ ದಿನಾ ಒಂದೊಂದು ತೆರೆದಿಟ್ಟಳು. ಹನ್ನೊಂದನೆಯ ದಿನ ನಿವಾಸಿ ಮರಳಿತು. ಹಿಂದೆ ಸಾಲಾಗಿ ನಾಲ್ಕು ಮರಿಗಳು. ವರ್ನಾ ಫೋನು ಮಾಡಿದಳು. ಕ್ಲೈವ್ ನಮೂನೆ ಹಿಡಿದು ಓಡಿ ಬಂದ, ವಿಧಿಪೂರ್ವಕವಾಗಿ ಕೇಳಿದ: "ತಾವು ಇಲ್ಲಿಂದ ತೆರಳಿದ್ದೀರೆಂದು ದೃಢೀಕರಿಸುವಿರಾ?"

ಐದೂ ಬಾಲಗಳು ಎದ್ದವು.

ಆ ವಾರ ಅಂಗಡಿಯಲ್ಲಿ ಟೊಮೇಟೊ ರಸ ಸಿಗಲಿಲ್ಲ. ನಾತ ತೊಳೆಯಲೆಂದು ಎಲ್ಲವನ್ನೂ ಕ್ಲೈವ್‌ನ ಹೆಂಡತಿ ಒಯ್ದಿದ್ದಳು. ನಮೂನೆಯನ್ನು ಮಾತ್ರ ಸಮಿತಿ ಸ್ವೀಕರಿಸಿತು. ಸಹಿ ಅಸಲಿಯೆಂಬುದರಲ್ಲಿ ಯಾರಿಗೂ, ಎರಡು ಕೋಣೆ ಆಚೆ ಕೂತವರಿಗೂ, ಅನುಮಾನ ಉಳಿಯಲಿಲ್ಲ. ನಿವಾಸಿ ತೆರಳಿರುವುದು ಅಧಿಕೃತವಾಗಿ ಸಾಬೀತಾಯಿತು. ಪಟ್ಟಿ ಬಿಚ್ಚಲು ಆದೇಶವೂ ಆಯಿತು. ಬಿಚ್ಚಲು ಬಂದ ಸಿಬ್ಬಂದಿ ಮೆಟ್ಟಿಲ ಕೆಳಗೆ ಐವರು ಹೊಸ ನಿವಾಸಿಗಳಿರುವುದನ್ನು ಕಂಡು, ಸಾರಿ ಕೇಳಿ, ಐದು ಹೊಸ ಪಟ್ಟಿ ಬಿಗಿದು ಹೋದರು.

ವರ್ನಾ ಆ ಪಟ್ಟಿಗಳನ್ನು ಎಣಿಸಿದಳು. ಆಮೇಲೆ ಕ್ರೇಟಿಗೆ ಒಂದು ಮೆತ್ತೆ ಹೊಲಿದಳು. ಮಂಡಿಗೆ ಇಷ್ಟು ಒಳ್ಳೆಯ ವ್ಯಾಯಾಮ ಬೇರಿಲ್ಲವೆಂದು ಡಾಕ್ಟರರೂ ಬರೆದುಕೊಟ್ಟಿದ್ದಾರೆ. ಗುರುವಾರದ ಆಟ ಕಿಟಕಿಯಲ್ಲೇ ನಡೆಯುತ್ತಿದೆ. ಈಗ ವರ್ನಾ ಗೆಲ್ಲುತ್ತಾಳೆ. ಒಳಗೆ ಕೂತವಳ ಎಲೆ ಯಾರಿಗೂ ಕಾಣುವುದಿಲ್ಲ.

ಮೊನ್ನೆ ಟೊರಾಂಟೊದಿಂದ ಯಾರೋ ವಿಮೆಯವರು ಬಂದು, ಪಟ್ಟಿಗಳನ್ನು ದಾಟಿ, ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಕಾರ್ಡಾಟ ನಿಂತಿತು. ವರ್ನಾ ಕಿಟಕಿಯಿಂದ ತಲೆ ಹೊರಹಾಕಿ, ದಾರಿ ತಪ್ಪಿದವರಿಗೆ ಹೇಳುವಷ್ಟು ಮೃದುವಾಗಿ ಹೇಳಿದಳು:

"ಸಾರಿ ಕಣಪ್ಪಾ, ಅದು ಬಾಗಿಲು."