ನಾಲ್ಕೆಣಿಕೆಯ ಉಸಿರು

ಎಲ್ಲದಕ್ಕೂ ಕಾರಣ ಒಂದು ಜಿರಳೆ. ಬೆಳಗ್ಗೆ ಅದು ಸಿಂಕಿನಿಂದ ಹಾರಿತು. ಗಡಿಯಾರ ರಿಪೇರಿಯವನು ಸ್ಟೂಲಿನ ಮೇಲೆ ಹಾರಿದ. ಹೆಂಡತಿ ಹಿಂದುಮುಂದು ನೋಡದೆ ಅಕ್ಕನ ಗಂಡನಿಗೆ ಫೋನು ಮಾಡಿದಳು. ಪಕ್ಕದ ಬೀದಿಯಿಂದ ಬಂದ ಆ ಲಿಫ್ಟ್ ಮೆಕ್ಯಾನಿಕ್ ಜಿರಳೆಯನ್ನು ಮೀಸೆ ಹಿಡಿದೆತ್ತಿ ಕಿಟಕಿಯಾಚೆ ಎಸೆದ.

"ನಮ್ಮ ಭಾವನಿಗೆ ಭಯ ಅಂದ್ರೆ ಏನೂಂತಾನೇ ಗೊತ್ತಿಲ್ಲ," ಎಂದಳು ಹೆಂಡತಿ.

"ಗಂಡಸು ಅಂದ್ರೆ ಹೀಗಿರ್ಬೇಕಮ್ಮಾ," ಎಂದು ಎದುರುಮನೆ ಟೀಚರು ಬಾಗಿಲಲ್ಲೇ ನಿಂತು ಒಗ್ಗರಣೆ ಹಾಕಿದರು.

ಸ್ಟೂಲಿನ ಮೇಲಿದ್ದವನ ಹೊಟ್ಟೆ ಭಗಭಗ ಉರಿಯಿತು. ಹತ್ತು ವರ್ಷದಿಂದ ಆ ಮನೆಯಲ್ಲಿ ಷಡ್ಡಕನದೇ ಗುಣಗಾನ.

ಅದಕ್ಕೆ ಮದ್ದು ಅಂದು ಸಂಜೆ ಸಿಗುವುದಿತ್ತು. ಷಡ್ಡಕನ ಬಾಕ್ಸಿಂಗ್ ಕ್ಲಬ್ಬಿಗೆ ಇವನೂ ಮೂರು ತಿಂಗಳಿಂದ ಬೇರೆ ಹೊತ್ತಿನಲ್ಲಿ ಕದ್ದು ಹೋಗುತ್ತಿದ್ದ; ಸದಸ್ಯರ ಪಂದ್ಯದಲ್ಲಿ ಷಡ್ಡಕನಿಗೆ ಎದುರಾಳಿಯಾಗಿಯೇ ಹಠ ಹಿಡಿದು ಹೆಸರು ಬರೆಸಿದ್ದ. ಹೆಂಡತಿಯ ಕಣ್ಣೆದುರು ಒಮ್ಮೆ ಅವನಿಗೆ ಮಣ್ಣು ಮುಕ್ಕಿಸಿದರೆ ಜನ್ಮ ಸಾರ್ಥಕ.

ಸಂಜೆ ಬಟ್ಟೆ ಬದಲಿಸುವ ಕೋಣೆಗೆ ಹೋದರೆ, ಬೀರುವಿನ ಹಿಂದೆ ಷಡ್ಡಕ ಗಡಗಡ ನಡುಗುತ್ತ ಕೂತಿದ್ದ. ಕೈಗೆ ಸುತ್ತಬೇಕಾದ ಪಟ್ಟಿ ನೆಲದ ಮೇಲೆ ಬಿದ್ದಿತ್ತು.

"ನನ್ನ ಕೈಲಾಗಲ್ಲ ಕಣೋ. ಹೊರಗೆ ಅಷ್ಟೊಂದು ಜನ! ಹೊಟ್ಟೆನೋವು ಅಂತ ಹೇಳಿ ಹಿಂದಿನ ಬಾಗಿಲಿಂದ ಹೋಗಿಬಿಡ್ತೀನಿ."

"ಬೆಳಗ್ಗೆ ಜಿರಳೆ ಹಿಡಿದ್ರಲ್ಲ?"

"ಜಿರಳೆ ತಿರುಗಿ ಹೊಡೆಯಲ್ವಲ್ಲೋ!"

ಗಡಿಯಾರ ರಿಪೇರಿಯವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಮರುಗಳಿಗೆಯಲ್ಲೇ ಇನ್ನೊಂದು ಯೋಚನೆ ಬಂತು. ಇವನು ಹೀಗೇ ಹೋಗಿಬಿಟ್ಟರೆ ಹೆಂಡತಿ ಏನನ್ನುತ್ತಾಳೆ? 'ಪಾಪ, ಭಾವನಿಗೆ ಹೊಟ್ಟೆನೋವು. ಇಲ್ದಿದ್ರೆ ನಿಮ್ಮನ್ನ ಉಳಿಸ್ತಿದ್ರಾ?' ಅದನ್ನು ಸಾಯುವ ತನಕ ಕೇಳಬೇಕು. ಉಹುಂ, ಬಿಡಬಾರದು.

ಪಕ್ಕದಲ್ಲಿ ಕೂತು, ಅವನ ಕೈಗೆ ತಾನೇ ಪಟ್ಟಿ ಸುತ್ತಿದ. "ಭಯ ಇರ್ಲಿ, ಓಡಿಸೋಕೆ ಹೋಗ್ಬೇಡಿ. ನಾಲ್ಕು ಎಣಿಸ್ತಾ ಮೂಗಿನಲ್ಲಿ ಉಸಿರು ಒಳಗೆ ತಗೊಳ್ಳಿ. ನಾಲ್ಕು ಎಣಿಸೋವರೆಗೆ ತಡೆಯಿರಿ. ನಿಧಾನಕ್ಕೆ ಬಿಡಿ." ತರಬೇತುದಾರ ತನಗೆ ಮೂರು ತಿಂಗಳು ಕಲಿಸಿದ್ದನ್ನೆಲ್ಲ ಹತ್ತು ನಿಮಿಷದಲ್ಲಿ ಧಾರೆಯೆರೆದ. ಷಡ್ಡಕನ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು.

ಗಂಟೆ ಹೊಡೆಯಿತು. ಷಡ್ಡಕ ಕೆರೆಯ ನೀರಿನ ಹಾಗೆ ತಣ್ಣಗೆ ಎದುರು ನಿಂತ. ಅವನಿಗೆ ಉಸಿರಾಟ ಕಲಿಸುವ ಭರದಲ್ಲಿ ತನ್ನ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಲು ಮರೆತೇಬಿಟ್ಟಿದ್ದೇನೆಂದು ಗಡಿಯಾರ ರಿಪೇರಿಯವನಿಗೆ ಹೊಳೆದದ್ದು ಆಗಲೇ. ಮೊದಲ ಏಟು ಮೂಗಿಗೆ ಬಿತ್ತು. ಎರಡನೆಯದು ಎಲ್ಲಿಗೆ ಬಿತ್ತೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಮೇಲೆ ಹೆಂಡತಿಯ ಮುಖ.

"ನೋಡಿದ್ರಾ, ಭಾವ ಎಷ್ಟು ತಣ್ಣಗಿದ್ರು! ಭಯ ಆದಾಗ ಮಾಡೋಕೆ ಅವರೇ ಏನೋ ಉಸಿರಾಟ ಕಂಡುಹಿಡಿದಿದ್ದಾರಂತೆ. ಭಾನುವಾರದಿಂದ ಎಲ್ಲರಿಗೂ ಹೇಳಿಕೊಡ್ತಾರೆ. ಮೊದಲ ಹೆಸರು ನಿಮ್ಮದೇ ಬರೆಸಿದ್ದೀನಿ."

ಷಡ್ಡಕ ಅಕ್ಕರೆಯಿಂದ ಬಗ್ಗಿದ. "ಭಾನುವಾರ ಯಾಕೆ, ಈಗಲೇ ಶುರು ಮಾಡೋಣ. ಎಲ್ಲಿ, ಮೂಗಿನಲ್ಲಿ ಒಳಗೆ ತಗೋ. ಒಂದು, ಎರಡು..."

ಎರಡೂ ಹೊಳ್ಳೆಗಳಿಗೆ ಹತ್ತಿ ತುರುಕಿಸಿಕೊಂಡಿದ್ದ ಗಡಿಯಾರ ರಿಪೇರಿಯವನು ಬಾಯಿ ತೆರೆದ.

"ಮೂಗಿನಲ್ಲಿ ಅಂದ್ರೆ ಮೂಗಿನಲ್ಲಿ!" ಎಂದು ಹೆಂಡತಿ ಗದರಿದಳು. "ಹೇಳಿಕೊಟ್ಟಷ್ಟಾದ್ರೂ ಕಲೀರಿ."